ಸೊಪ್ಪಿನ ಬೆಟ್ಟದ ಹುತ್ತಕ್ಕೆ ಯಾವ ಔಷಧಿ ಹಾಕಿದರೆ ಗೆದ್ದಲು ಸತ್ತು ಅಣಬೆ ಉಳಿಯುತ್ತದೆ?

ಹಾಕಬೇಡಿ ಮಾರಾಯ್ರೆ. ಇದೇ ಪ್ರಶ್ನೆಯನ್ನು 2014ರ ಬೇಸಿಗೆಯಲ್ಲಿ ನಾನೂ ಔಷಧಿ ಅಂಗಡಿಯಲ್ಲಿ ಕೇಳಿದ್ದೆ. ಅಣಬೆಗೇನೂ ಆಗಲ್ಲ ಅಂದರು.

ನಮ್ಮದು ತೀರ್ಥಹಳ್ಳಿ ಕಡೆ. ತೋಟದ ಮೇಲೆ ಬೆಟ್ಟ, ಬೆಟ್ಟದಂಚಿಗೆ ಆಳೆತ್ತರದ ಹುತ್ತ. ಆರಿದ್ರ ಮಳೆ ಹಿಡಿದು ನಾಲ್ಕು ಗುಡುಗು ಗುಡುಗಿದರೆ ಸಾಕು, ಅದರ ಬುಡದಲ್ಲಿ ಅಣಬೆ ಏಳುತ್ತಿತ್ತು. ಅಂದು ರಾತ್ರಿ ಕಡುಬು, ಅಣಬೆ ಸಾರು.

ಆ ವರ್ಷ ಅಂಗಳದ ಹಲಸಿನ ಮರಕ್ಕೆ ಬುಡದಿಂದ ಎದೆಮಟ್ಟಕ್ಕೆ ಗೆದ್ದಲಿನ ಮಣ್ಣು ಮೆತ್ತಿಕೊಂಡಿತ್ತು. ಮರ ಹೋಯ್ತು ಅಂದುಕೊಂಡೆ. ನನ್ನ ತಪ್ಪು ಇದೇ. ಆ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದು ನೋಡಲಿಲ್ಲ. ಒಂದು ನಿಮಿಷದ ಕೆಲಸ, ಕತ್ತಿಯೂ ಬೇಡ. ಕೆರೆದಿದ್ದರೆ ಒಳಗೆ ಹಸಿ ತೊಗಟೆ ಹಾಗೇ ಇರೋದು ಕಾಣುತ್ತಿತ್ತು. ಅವು ತಿನ್ನುತ್ತಿದ್ದದ್ದು ಮೇಲಿನ ಸತ್ತ ಹೊಪ್ಪಳಿಕೆ ಮಾತ್ರ. ಕೆರೆಯಲಿಲ್ಲ. ನೇರ ಬೆಟ್ಟಕ್ಕೆ ಹೋದೆ, ಹಾರೆಯಲ್ಲಿ ಹುತ್ತಕ್ಕೆ ಮೂರು ತೂತು ಹೊಡೆದೆ, ಕ್ಲೋರ್‌ಪೈರಿಫಾಸ್ ಕಲಸಿದ ನೀರು ಐದು ಕೊಡ ಸುರಿದೆ. ಆ ಹಲಸಿನ ಮರ ಇವತ್ತಿಗೂ ಕಾಯಿ ಬಿಡುತ್ತಿದೆ. ಔಷಧಿ ಅದರ ಹತ್ತಿರವೂ ಹೋಗಿರಲಿಲ್ಲ.

ಮಳೆಗಾಲ ಬಂತು, ಅಣಬೆ ಬರಲಿಲ್ಲ. ಅದೇ ಜಾಗದಲ್ಲಿ ಸುಟ್ಟ ಊದಿನಕಡ್ಡಿಯಂಥವು ಎದ್ದವು, ಕಪ್ಪಗೆ, ತುದಿ ಮಾತ್ರ ಬೆಳ್ಳಗೆ. ಅರಣ್ಯ ವಿಜ್ಞಾನ ಓದುತ್ತಿದ್ದ ಅಕ್ಕನ ಮಗ ಬಂದವನು ಅಗೆದು ತೋರಿಸಿದ. ಒಳಗೆ ಮಿದುಳಿನ ಹಾಗೆ ಸುಕ್ಕುಸುಕ್ಕಾದ, ಸ್ಪಂಜಿನಂಥ ಉಂಡೆಗಳು. ಅದೇ ಗೆದ್ದಲಿನ ತೋಟ. ದರಗು, ಕಟ್ಟಿಗೆ ಎಲ್ಲ ತಿಂದು ಹಾಕಿದ ಹಿಕ್ಕೆಯಲ್ಲಿ ಕಟ್ಟಿದ್ದು. ಅದರ ಮೇಲೆ ಟರ್ಮಿಟೊಮೈಸಿಸ್ ಅನ್ನೋ ಶಿಲೀಂಧ್ರ ಬೆಳೆಯುತ್ತದೆ. ನಾವು ಸಾರು ಮಾಡೋದು ಅದರದೇ ಕೊಡೆಯನ್ನು. ಕೀಳುವಾಗ ಕಾಲು ಬೇರಿನ ಹಾಗೆ ಉದ್ದಕ್ಕೆ ಬರುತ್ತದಲ್ವಾ, ಅದು ಹೊರಡೋದು ಆ ಉಂಡೆಯಿಂದಲೇ. ಗೆದ್ದಲು ಅದನ್ನು ಸಾಕುತ್ತದೆ, ಅದು ಕಟ್ಟಿಗೆಯ ಗಟ್ಟಿ ಅಂಶವನ್ನು ಮೆದು ಮಾಡಿ ಗೆದ್ದಲಿಗೆ ಉಣಿಸುತ್ತದೆ. ಈ ಜೋಡಿ ಸುಮಾರು 3 ಕೋಟಿ ವರ್ಷ ಹಳೆಯದು.

ಅದೇ ಉಂಡೆಯಲ್ಲಿ ಇನ್ನೊಂದು ಬೂಸ್ಟೂ ಅಡಗಿ ಕೂತಿರುತ್ತದೆ, ಕ್ಸೈಲೇರಿಯಾ ಜಾತಿಯದು. ಗೆದ್ದಲು ಇರುವಷ್ಟು ದಿನ ಅದನ್ನು ತಲೆ ಎತ್ತಲು ಬಿಡುವುದಿಲ್ಲ, ಥೇಟ್ ನಾವು ತೋಟದ ಕಳೆ ತೆಗೆದ ಹಾಗೆ. ಗೆದ್ದಲು ಸತ್ತರೆ ಕೆಲವೇ ದಿನಗಳಲ್ಲಿ ಪೂರ್ತಿ ತೋಟ ಅದರ ಪಾಲು. ನನ್ನ ಕಪ್ಪು ಕಡ್ಡಿಗಳು ಅವೇ. ಮರುವರ್ಷ ಅವೂ ಇರಲಿಲ್ಲ.

ಹಾಗಾಗಿ ‘ಗೆದ್ದಲು ಬೇಡ, ಅಣಬೆ ಬೇಕು’ ಅನ್ನೋ ಔಷಧಿ ಇಲ್ಲ. ಅಣಬೆ ಬೀಜ ತಂದು ಹಾಕ್ತೀನಿ ಅಂತಲೂ ಬರೆದಿದ್ದೀರಿ. ಸುಮ್ನೆ ದುಡ್ಡು ದಂಡ. ಇದು ಹುಲ್ಲಿನ ಚೀಲದಲ್ಲಿ ಏಳುವ ಚಿಪ್ಪು ಅಣಬೆ ಅಲ್ಲ.

ಬೆಟ್ಟದ ದರಗನ್ನು ಪೂರ್ತಿ ಗುಡಿಸಿ ಕೊಟ್ಟಿಗೆಗೆ ತರಬೇಡಿ, ಹುತ್ತದ ಸುತ್ತ ಒಂದಿಷ್ಟು ಬಿಡಿ. ಮೊಗ್ಗು ಕಂಡ ಕೂಡಲೇ ಬುಟ್ಟಿ ತುಂಬಿಸಲೂಬೇಡಿ. ಈ ಮಾತಿಗೆ ನಮ್ಮ ಮನೆಯಲ್ಲೇ ಯಾರೂ ಒಪ್ಪುವುದಿಲ್ಲ. ಆದರೂ ಒಂದೆರಡು ಕೊಡೆ ಬಿಚ್ಚಲಿ. ಗೆದ್ದಲಿನ ರೆಕ್ಕೆ ಹುಳ ಹಾರಿ ಹೋಗಿ ಹೊಸ ಹುತ್ತ ಕಟ್ಟುವಾಗ ಸಾಮಾನ್ಯವಾಗಿ ತೋಟವನ್ನು ಜೊತೆಗೆ ಒಯ್ಯುವುದಿಲ್ಲ. ಅಲ್ಲಿ ಹುಟ್ಟಿದ ಮೊದಲ ಆಳು ಗೆದ್ದಲುಗಳು ಇಂಥ ಅಣಬೆ ಉದುರಿಸಿದ ಬೀಜಕಣವನ್ನೇ ಹೊರಗಿಂದ ತರಬೇಕು.

ಮನೆ ತೊಲೆಗೆ ಗೆದ್ದಲು ಹತ್ತಿದ್ದರೆ ಅದು ಬೇರೆ ಮಾತು. ಅದಕ್ಕೆ ಮನೆಯಲ್ಲೇ ಮದ್ದು ಮಾಡಿ. ಮರಕ್ಕೆ ಹತ್ತಿದ್ದರೆ ಮೊದಲು ಹೆಬ್ಬೆರಳಿನಿಂದ ಕೆರೆದು ನೋಡಿ, ಒಳಗಿನ ತೊಗಟೆ ಹೇಗಿದೆ ಅಂತ ಇಲ್ಲಿ ಬರೆಯಿರಿ.