ಹಿಮದ ಪುಟ ಬಂದ್ರ ಮಗಳು ಎದ್ದು ಹೋಗ್ತಾಳ ಅಂದವ್ರಿಗೆ

ಅಕ್ಕಾರ, ಚಳಿಗಾಲದ ಚಿತ್ರಪುಸ್ತಕ ಹಿಡಿದ್ರ ಮೂರು ವರ್ಷದ ಮಗಳು ಎರಡು ಪುಟಕ್ಕ ಎದ್ದು ಹೋಗ್ತಾಳ, ಏನು ಮಾಡ್ಲಿ ಅಂತ ಕೇಳೀರಿ. ತಪ್ಪು ಆಕಿದಲ್ಲ. ಆ ಪುಸ್ತಕದ ತುಂಬ ಹಿಮ, ಕೈಗವಸು ಹಾಕ್ಕೊಂಡ ಮಕ್ಕಳು. ಕಲಬುರಗಿ ಚಳಿಗಾಲದಾಗ ಆಕಿ ನೋಡೂದು ಹಸಿ ತೊಗರಿಕಾಯಿ.

ಅದಕ್ಕ ಮೊದಲು ವಸ್ತು, ಆಮ್ಯಾಲ ಪುಸ್ತಕ. ಡಿಸೆಂಬರ್‌ದಾಗ ಒಂದು ಹಿಡಿ ತೊಗರಿಕಾಯಿ ಮುಂದಿಡ್ರಿ, ತಾನೇ ಸುಲೀಲಿ, ಕಾಳು ಎಣಿಸ್ಲಿ. ಕಾಳು ಮೂಗಿನಾಗ, ಕಿವಿಯಾಗ ಹಾಕ್ಕೊಳ್ಳದಂಗ ಬಾಜೂಕ ಕೂಡ್ರಿ. ಆಮ್ಯಾಲ ಪುಸ್ತಕ ತೆಗೆದು ‘ಇಲ್ಲಿ ಹಸರು ಎಲ್ಲೈತಿ?’ ಅನ್ರಿ. ಹಿಮದ ಪುಟ ಬಿಡಬ್ಯಾಡ್ರಿ. ಫ್ರಿಜ್ಜಿನ ಬರ್ಫ ತುರಿದು ಅಂಗೈಮ್ಯಾಲ ಇಡ್ರಿ, ಕರಗೂದು ನೋಡ್ಲಿ. ಆಗ ಚಿತ್ರದ ಬಿಳಿ ಬಣ್ಣಕ್ಕ ಅರ್ಥ ಬರ್ತದ.

ಒಂದು ಸಲಕ್ಕ ಐದಾರು ನಿಮಿಷ ಸಾಕು. ಅದೇ ಪುಸ್ತಕ ವಾರವಿಡೀ ಓದ್ರಿ, ಬ್ಯಾಸರ ಬರೂದು ನಮಗ, ಮಕ್ಕಳಿಗಲ್ಲ. ಒಂದು ಪುಟಕ್ಕ ಒಂದೇ ಪ್ರಶ್ನೆ ಕೇಳಿ, ಮನಸಿನ್ಯಾಗ ಐದು ಎಣಿಸೂತನ ಸುಮ್ಮನಿರ್ರಿ. ‘ಇದೇನು, ಅದೇನು’ ಅಂತ ಸಾಲಾಗಿ ಕೇಳಿದ್ರ ಅದು ಪರೀಕ್ಷೆ ಆಗ್ತದ. ಮಕ್ಕಳು ಇದಕ್ಕೂ ಎದ್ದು ಹೋಗಬಹುದು.

ಮಳಿ ಪುಸ್ತಕ ಈಗ ಎತ್ತಿಡ್ರಿ, ಜೂನ್‌ದಾಗ ಮೊದಲ ಮಳಿ ಬಿದ್ದ ದಿನಾನೇ ತೆಗೀರಿ.

ನಮ್ಮ ಕಡೆ ಋತುವಿನ ಪುಸ್ತಕ ನೀವೇ ಮಾಡಬಹುದು: ನಾಕು ರಟ್ಟಿನ ಹಾಳಿ, ದಾರ. ಯುಗಾದಿ ಹೊತ್ತಿಗೆ ಬೇವಿನ ಹೂವು ಹಚ್ರಿ. ಹಸೀದು ಹಚ್ಚಿದ್ರ ಬೂಸರು ಬರ್ತದ, ಅದಕ್ಕ ಹಳೆ ಪೇಪರ್ ನಡುವ ವಾರ ಒತ್ತಿಟ್ಟು ಅಂಟಿಸ್ರಿ.