ಬಜೆಟ್ ಜಗಳಕ್ಕೆ ಬೇರೆಯಾದ ಊಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಒಂದೇ ಮನೆಯಲ್ಲಿದ್ದು ಪಡಿತರ ಚೀಟಿ ಬೇರೆ ಮಾಡಿಕೊಂಡ ಅಣ್ಣ ತಮ್ಮಂದಿರು. ಅಣ್ಣ ನಿವೃತ್ತ ಸರ್ಕಾರಿ ಮೇಷ್ಟ್ರು, ಬಿಜೆಪಿ ಕಡೆ. ತಮ್ಮನದು ಕಿರಾಣಿ ಅಂಗಡಿ, ಕಾಂಗ್ರೆಸ್ ಕಡೆ. ಅವನ ಹೆಂಡತಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳಿಗೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯ ಬಜೆಟ್ ಮಂಡನೆಯಾದ ರಾತ್ರಿ ಅಣ್ಣ, "ಬಿಟ್ಟಿ ದುಡ್ಡು ಹಂಚಿ ರಾಜ್ಯ ಮುಳುಗಿಸಿದ್ರು" ಅಂದ. ತಮ್ಮ, "ನಿನ್ನ ಪೆನ್ಷನ್ ಯಾರಪ್ಪನ ಮನೆಯಿಂದ ಬರುತ್ತೆ?" ಅಂದ. ಅಲ್ಲಿಂದ ಊಟ ಬೇರೆ, ಮಾತು ಮಕ್ಕಳ ಮೂಲಕ.

"ರಾಜಕೀಯ ಬಿಟ್ಟುಬಿಡಿ" ಎನ್ನುವುದು ಇಲ್ಲಿ ಉಪಯೋಗಕ್ಕೆ ಬಾರದ ಸಲಹೆ. ನೋವು ಬೇರೆ, ಲೆಕ್ಕ ಬೇರೆ, ಎರಡನ್ನೂ ಬಿಡಿಸಬೇಕು. ಮೊದಲ ಭೇಟಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿದಾಗ ಅಣ್ಣನಿಗೆ ನಾಟಿದ್ದು "ಯಾರಪ್ಪನ" ಎಂಬ ಮಾತು, ತಮ್ಮನಿಗೆ ಹೆಂಡತಿಯ ಎದುರಲ್ಲೇ ಬಂದ "ಬಿಟ್ಟಿ" ಎಂದು ತಿಳಿಯಿತು.

ಎರಡನೇ ಭೇಟಿಗೆ ಮೊಬೈಲ್ ಹೊರಗಿಟ್ಟು ಬರಲು ಹೇಳಿ, ಬಜೆಟ್ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಸಿದೆವು. ಗ್ಯಾರಂಟಿಗಳು ಬರುವ ಮುಂಚಿನ 2022-23ರ ಗಾತ್ರ 2,65,720 ಕೋಟಿ, 2025-26ರದು 4,09,549 ಕೋಟಿ. ಏರಿಕೆ ಸುಮಾರು 1.44 ಲಕ್ಷ ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ, ಅಂದರೆ ಏರಿಕೆಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿದದ್ದು ಸಂಬಳ, ಪಿಂಚಣಿ, ಬಡ್ಡಿ, ಕಾಮಗಾರಿ ಇತ್ಯಾದಿ. 2024ರ ಆಗಸ್ಟ್‌ನಿಂದ ಜಾರಿಯಾದ 7ನೇ ವೇತನ ಆಯೋಗದ ಹೊರೆಯೂ ಅದರಲ್ಲೇ ಇದೆ. ಅಣ್ಣ ಇದನ್ನು ಓದಿ ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತಿರುಗಿಸುತ್ತ ಕೂತ.

ತಮ್ಮನ ವಾದ, "ವಿತ್ತೀಯ ಕೊರತೆ ಶೇ 2.95, ಕಾಯ್ದೆಯ ಮಿತಿ ಶೇ 3ರ ಒಳಗೇ ಇದೆ." ನಿಜವೇ. (ವಿತ್ತೀಯ ಕೊರತೆ ಎಂದರೆ ಖರ್ಚಿನಲ್ಲಿ ಸಾಲದಿಂದ ತುಂಬುವ ಭಾಗ; ಈ ಶೇಕಡಾ ರಾಜ್ಯದ ಉತ್ಪನ್ನಕ್ಕೆ, ಅಂದರೆ ರಾಜ್ಯದಲ್ಲಿ ವರ್ಷಕ್ಕೆ ಆಗುವ ಒಟ್ಟು ಉತ್ಪಾದನೆಯ ಮೌಲ್ಯಕ್ಕೆ.) ಆದರೆ ಅದೇ ಹಾಳೆಯಲ್ಲಿ ರಾಜಸ್ವ ಕೊರತೆ 19,262 ಕೋಟಿ: ಸಾಲದ ಒಂದು ಪಾಲು ದಿನಖರ್ಚಿಗೇ ಹೋಗುತ್ತಿದೆ. ಅಣ್ಣನ ಆತಂಕಕ್ಕೆ ಬುಡ ಇರುವುದು ಇಲ್ಲಿ, ಅವನು ದೂರುತ್ತಿದ್ದ ಒಟ್ಟು ಗಾತ್ರದಲ್ಲಲ್ಲ. ಬಜೆಟ್ ಗಾತ್ರ ಬೆಲೆಯೇರಿಕೆಯ ಜೊತೆಗೂ ಏರುತ್ತದೆ. ಹೋಲಿಸುವುದಾದರೆ ರಾಜ್ಯದ ಉತ್ಪನ್ನಕ್ಕೆ ಎಷ್ಟು ಪಾಲು ಎಂದು ನೋಡಬೇಕು. ಈ ಜಗಳಗಳು ಕೆಡುವುದು ಹೆಚ್ಚಾಗಿ ಒಬ್ಬ ಬಜೆಟ್ ಅಂದಾಜು (ವರ್ಷದ ಮೊದಲಿನ ಲೆಕ್ಕ), ಇನ್ನೊಬ್ಬ ಪರಿಷ್ಕೃತ ಅಂದಾಜು (ನಂತರ ತಿದ್ದಿದ ಲೆಕ್ಕ) ಹಿಡಿದು ಕೂಗಾಡುವುದರಿಂದ.

ಕೊಟ್ಟ ಸಲಹೆ: ವಾದ ವಾರಕ್ಕೊಮ್ಮೆ, ಇಪ್ಪತ್ತು ನಿಮಿಷ, ಊಟದ ಹೊತ್ತಿನಲ್ಲಿ ಬೇಡ. ಉತ್ತರ ಕೊಡುವ ಮೊದಲು ಎದುರಿನವನ ಮಾತನ್ನು ಅವನು "ಹೌದು, ಅದೇ" ಅನ್ನುವ ಹಾಗೆ ಹೇಳಬೇಕು. ಮನೆಯವರ ಪೆನ್ಷನ್, ಗೃಹಲಕ್ಷ್ಮಿ ಉದಾಹರಣೆಗೆ ಬರಕೂಡದು; ಇದನ್ನು ಮುರಿದರೆ ಆ ವಾರದ ವಾದ ಅಲ್ಲಿಗೇ ನಿಲ್ಲಬೇಕು. ತಮ್ಮ ಆ ಮಾತಿಗೆ ಅಣ್ಣನ ಹತ್ತಿರ ಕ್ಷಮೆ ಕೇಳಬೇಕು, ಅಣ್ಣ ತಮ್ಮನ ಹೆಂಡತಿಯ ಹತ್ತಿರ. ಎರಡೂ ಬೇರೆಬೇರೆಯಾಗಿ, ಮಕ್ಕಳ ಮುಂದೆ ಅಲ್ಲ. ಅಣ್ಣ ಇದಕ್ಕೆ ಒಪ್ಪಲು ಇನ್ನೊಂದು ಭೇಟಿ ಹಿಡಿಯಿತು. ಊಟ ಒಟ್ಟಿಗೆ ಆಗುತ್ತಿದೆ. ಮತ ಯಾರದೂ ಬದಲಾಗಿಲ್ಲ, ಅದು ನಮ್ಮ ಕೆಲಸವೂ ಅಲ್ಲ.