ಹಳೆಯ ಸೀರೆಗಳಿಂದ ದಪ್ಪ ಕುಣಿಕೆಯ ನೆಲಹಾಸು ನೇಯಲು ಪಟ್ಟಿ ಎಷ್ಟು ಅಗಲ ಇರಬೇಕು? ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ) ಸಾಕೇ, ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಮಗ್ಗ ಕೊಳ್ಳಬೇಕೇ?

ಮೂರು ಅಂಗುಲ ಬೇಡ, ಎರಡು ಅಂಗುಲವೂ ಬೇಡ. ಕತ್ತರಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ವಿಜಯಪುರದಿಂದ ನೀವು ಬರೆದದ್ದು ಇಷ್ಟು: ಅಜ್ಜನ ಕಾಲದ ಕುಣಿಮಗ್ಗ, ಅಟ್ಟದಲ್ಲಿ ಸಿಂಥೆಟಿಕ್ ಸೀರೆಗಳ ಗಂಟು, ಕಾಲಿಟ್ಟರೆ ಪಾದ ಹೂತುಹೋಗಬೇಕೆನ್ನುವ ಆಸೆ. ನಿಮ್ಮ ಪ್ರಶ್ನೆಯಲ್ಲಿ ವಿಜಯಪುರ ಎಂದಿರುವಲ್ಲಿ ಬನಹಟ್ಟಿ ಎಂದು ಬರೆದರೆ ಅದು ನನ್ನದೇ ಆಗುತ್ತದೆ. ನಮ್ಮದು ಸೀರೆ ನೇಯುವ ಮನೆ. ಮುಂದಿನ ಕೋಣೆಗೆ ಪವರ್‌ಲೂಮ್ ಬಂದ ಮೇಲೆ ಕೈಮಗ್ಗಕ್ಕೆ ಕೆಲಸ ಉಳಿಯಲಿಲ್ಲ, ಕೈ ಮಾತ್ರ ಸುಮ್ಮನಿರಲಿಲ್ಲ. ಸಣ್ಣ ನೂಲನ್ನು ಎಳೆಯೆಳೆಯಾಗಿ ಹಣಿಗೆಗೆ (ಮಗ್ಗದ ಬಾಚಣಿಗೆಗೆ) ತುಂಬುತ್ತ ಬೆಳೆದವರಿಗೆ ಚಿಂದಿ ನೇಯುವುದು ಯಾವ ಮಹಾವಿದ್ಯೆ ಎಂಬ ಗತ್ತು ಬೇರೆ. ಮಹಾಲಿಂಗಪುರದಲ್ಲಿ ಒಬ್ಬರು ಮೂಲೆಗೆ ತಳ್ಳಿದ್ದ ಚೌಕಟ್ಟಿನ ಮಗ್ಗವನ್ನು ಅಗ್ಗಕ್ಕೆ ಕೊಂಡು ತಂದೆ. ಓಣಿಯ ಹೆಂಗಸರು ಕೌದಿಗೆ ಬೇಡವಾದ ಸೀರೆಗಳನ್ನೆಲ್ಲ ತಂದು ಸುರಿದರು. ಕೌದಿ ಹೊಲಿಯುವವರು ಮೆತ್ತಗಾದ ಹತ್ತಿ ಸೀರೆಯನ್ನು ಆರಿಸಿಕೊಂಡು ಪಾಲಿಸ್ಟರ್ ಸೀರೆಯನ್ನು ಬದಿಗೆ ಎಸೆಯುತ್ತಾರೆ, ಏಕೆಂದರೆ ಅದು ಸೂಜಿಯ ಕೆಳಗೆ ಜಾರುತ್ತದೆ. ಆ ಜಾರುವಿಕೆಯೇ ಮುಂದೆ ನನ್ನನ್ನು ಮುಳುಗಿಸಿತು.

ಕುಣಿಕೆ ಎತ್ತುವ ಬಗೆ ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ನನ್ನ ದುಡ್ಡು ಹೋದದ್ದು ಅಲ್ಲಿಯೇ. ಕಾಲ ಕೆಳಗಿನ ಮೆಟ್ಟು ತುಳಿದು ಹಾಸುನೂಲು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು) ಮೇಲೆ ಕೆಳಗೆ ಬೇರಾಗಿ ಬಾಯಿ ತೆರೆದಾಗ ಅರಿವೆಯ ಪಟ್ಟಿಯನ್ನು ಸಡಿಲವಾಗಿ ಹಾಯಿಸಬೇಕು. ಸುಮಾರು ಅರ್ಧ ಅಂಗುಲಕ್ಕೊಂದರಂತೆ, ಮೇಲೆದ್ದ ಎಳೆಗಳ ಸಂದಿಯಿಂದ ಪಟ್ಟಿಯನ್ನು ಬೆರಳಿನಲ್ಲಿ ಎತ್ತಿ ಒಂದು ಕೋಲಿನ ಮೇಲೆ ಏರಿಸುತ್ತ ಹೋಗಬೇಕು. ಸಾಲು ಮುಗಿದ ಮೇಲೆ ಮೆಟ್ಟು ಬದಲಿಸಿ, ಹಣಿಗೆಯಿಂದ ಬಡಿದು, ಎದುರು ಬಾಯಿಯಲ್ಲಿ ತಳದ ಹೊಕ್ಕು (ಅಡ್ಡಕ್ಕೆ ಹಾಯುವ ನೂಲು) ಹಾಕಬೇಕು. ನಾಲ್ಕಾರು ಸಾಲು ಮುಂದೆ ಹೋದ ಮೇಲೆ ಹಿಂದಿನ ಕೋಲನ್ನು ಪಕ್ಕಕ್ಕೆ ಎಳೆದುಕೊಂಡರೆ ಕುಣಿಕೆಗಳು ಸಾಲಾಗಿ ನಿಂತಿರುತ್ತವೆ. ಈ ಇಡೀ ಕೆಲಸದಲ್ಲಿ ಎಲ್ಲಿಯೂ ಒಂದು ಗಂಟಿಲ್ಲ. ಅದನ್ನು ಗಮನಿಸಿ.

ಬಾದಾಮಿಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವವರೊಬ್ಬರು ನನ್ನ ಮೊದಲ ನೆಲಹಾಸನ್ನು ನೋಡಿ ಪ್ರತಿ ಕೋಣೆಗೂ ಒಂದು ಬೇಕೆಂದರು, ಮುಂಗಡವನ್ನೂ ಕೊಟ್ಟರು. ಅಲ್ಲಿಂದ ಅವಸರ ಶುರುವಾಯಿತು. ಒಂದು ಸಾಲು ಕುಣಿಕೆ ಎತ್ತುವುದೆಂದರೆ ತಾಳ್ಮೆಯ ಕೆಲಸ. ಅಷ್ಟು ಕಷ್ಟಪಟ್ಟ ಮೇಲೆ ಕಣ್ಣಿಗೇ ಬೀಳದ ತಳದ ಹೊಕ್ಕಿಗೆ ಹೊತ್ತು ಹಾಕಲು ಮನಸ್ಸಾಗುವುದಿಲ್ಲ. ಸೀರೆಗೆ ತಂದು ಉಳಿದಿದ್ದ ಸಣ್ಣ ನೂಲನ್ನೇ ಸಾಲಿಗೆರಡು ಸಲ ಹಾಯಿಸಿ ಮುಂದೆ ಸಾಗಿದೆ. ಪಟ್ಟಿಯನ್ನು ಅಗಲ ಮಾಡಿದರೆ ಕಡಿಮೆ ಸಾಲಿನಲ್ಲಿ ಉದ್ದ ಕೂಡುತ್ತದೆಂದು ಮೂರು ಅಂಗುಲಕ್ಕೆ ಕತ್ತರಿಸಿದೆ. ನೋಡಲು ಭರ್ಜರಿಯಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು.

ಹುಳುಕು ಎಲ್ಲಿತ್ತೆಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಂಟಿಲ್ಲದ ಕುಣಿಕೆಯನ್ನು ಹಿಡಿದಿಡುವುದು ಒತ್ತಡ ಮಾತ್ರ. ಹಾಸುನೂಲು ಒಂದು ಹೊಕ್ಕಿನ ಮೇಲೆ ಹೋಗಿ ಮುಂದಿನ ಹೊಕ್ಕಿನ ಕೆಳಗೆ ಇಳಿಯುವಾಗ ಬಾಗುತ್ತದೆಯಲ್ಲ, ಆ ಬಾಗು ಪಟ್ಟಿಯನ್ನು ಹಿಚುಕಿ ಹಿಡಿಯುತ್ತದೆ. ಎರಡು ಹೊಕ್ಕು ಹತ್ತಿರ ಕೂತಷ್ಟೂ ಬಾಗು ಕಡಿದಾಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಮೂರು ಅಂಗುಲದ ಪಾಲಿಸ್ಟರ್ ಪಟ್ಟಿ ಮುದುಡಿದಾಗ ಹೆಬ್ಬೆರಳಿನ ಗಾತ್ರವಾಗುತ್ತದೆ. ಹಣಿಗೆ ಬಡಿದಾಗ ಕುಗ್ಗುತ್ತದೆ, ಹಣಿಗೆ ಹಿಂದೆ ಸರಿದ ಕೂಡಲೇ ಮತ್ತೆ ಉಬ್ಬುತ್ತದೆ. ಅಂಥ ಎರಡು ದಪ್ಪ ಪಟ್ಟಿಗಳ ನಡುವೆ ಸಣ್ಣ ನೂಲು ಎರಡೆಳೆ ಬಿದ್ದಿದ್ದರೆ ಹಣಿಗೆಯ ಪೆಟ್ಟು ಅದಕ್ಕೆ ತಾಗುವುದೇ ಇಲ್ಲ. ಅದು ಅಲ್ಲಿ ಇದೆ, ಅಷ್ಟೇ. ಏನನ್ನೂ ಹಿಡಿದಿರುವುದಿಲ್ಲ. ಸಾಲದ್ದಕ್ಕೆ ಪಾಲಿಸ್ಟರ್ ಎಳೆಗೆ ಹತ್ತಿಯ ಎಳೆಗಿರುವಂಥ ನವಿರು ಜುಂಗು ಇಲ್ಲ. ಹತ್ತಿ ಪಕ್ಕದ ನೂಲಿಗೆ ತರಚಿಕೊಂಡು ನಿಲ್ಲುತ್ತದೆ, ಪಾಲಿಸ್ಟರ್ ಜಾರಿ ಹೋಗುತ್ತದೆ. ಇನ್ನೊಂದು ಮಾತು: ಒಂದು ಸಾಲಿನ ಕುಣಿಕೆಗಳೆಲ್ಲ ಒಂದೇ ಪಟ್ಟಿಯವು. ಒಂದನ್ನು ಎಳೆದರೆ ಅದು ಉದ್ದವಾಗಲು ಬೇಕಾದ ಅರಿವೆ ಅಕ್ಕಪಕ್ಕದ ಕುಣಿಕೆಗಳಿಂದಲೇ ಬರಬೇಕು. ಹಗ್ಗ ಜಗ್ಗಾಟದಲ್ಲಿ ಒಬ್ಬ ಕಾಲು ಜಾರಿದರೆ ಹಿಂದಿನವರೆಲ್ಲ ಮುಗ್ಗರಿಸುವಂತೆ, ಒಂದರ ಹಿಂದೆ ಒಂದು ಸಪಾಟಾಗುತ್ತ ಹೋಗುತ್ತವೆ.

ಬಾದಾಮಿಯಲ್ಲಿ ಆದದ್ದೂ ಇದೇ. ಕುರ್ಚಿಯ ಕಾಲಿಗೆ ಒಂದು ಕುಣಿಕೆ ಸಿಕ್ಕಿತು, ಯಾರೋ ಕುರ್ಚಿ ಎಳೆದರು, ಇಡೀ ಸಾಲು ಬೋಳಾಗಿ ಮೊಳದುದ್ದ ಪಟ್ಟಿ ಹೊರಗೆ ಬಂತು. ಇನ್ನೊಂದು ಕೋಣೆಯಲ್ಲಿ ಕಸ ಗುಡಿಸುವಾಗಲೇ ಕಿತ್ತುಬಂತು. ಎಲ್ಲವನ್ನೂ ಸುತ್ತಿ ವಾಪಸು ಕಳುಹಿಸಿದರು. ಅವರದು ತಪ್ಪೆನ್ನಲು ನನಗೆ ಬಾಯಿಲ್ಲ. ಮುಂಗಡ ಆಗಲೇ ನೂಲಿಗೂ ಮಗ್ಗದ ಸಾಲಕ್ಕೂ ಹೋಗಿತ್ತು, ಕಂತಿನಲ್ಲಿ ತೀರಿಸಿದೆ.

ಕಂಬಳಿ ನೇಯುವ ಹಿರಿಯರೊಬ್ಬರಿಗೆ ಅವುಗಳಲ್ಲಿ ಒಂದನ್ನು ತೋರಿಸಿದೆ. ಅವರು ಮೇಲ್ಭಾಗವನ್ನು ನೋಡಲೇ ಇಲ್ಲ. ಮಗುಚಿ ಹಾಕಿ, ತಳದ ನೂಲಿಗೆ ಹೆಬ್ಬೆರಳಿನ ಉಗುರು ಕೊಟ್ಟು ಪಕ್ಕಕ್ಕೆ ಸರಿಸಿದರು. ಅದು ಸರಿಯಿತು. ಒಳಗಿನ ಹಾಸುನೂಲು ಬರಿದಾಗಿ ಕಾಣಿಸಿತು. ಇನ್ನೇನೂ ಹೇಳದೆ ಸುತ್ತಿ ಕೈಗೆ ಕೊಟ್ಟರು. ಆಮೇಲೆ ಚಹಾ ಕುಡಿಯುತ್ತ, ಹಾಸುನೂಲಿಗೆ ಏನು ಗಂಜಿ ಹಾಕಿದ್ದೆ ಎಂದು ಕೇಳಿದರು. ಅವರ ಕಂಬಳಿಯ ಹಾಸುನೂಲಿಗೆ ಹುಣಸೆ ಬೀಜದ ಗಂಜಿಯಿಲ್ಲದೆ ನಡೆಯದು. ದಪ್ಪ ಹುರಿ ನೂಲಿಗೆ ಅದರ ಅಗತ್ಯವಿಲ್ಲ, ನೀವು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಟ್ಟಿ ಅಗಲವಾದರೆ ನೆಲಹಾಸು ದಪ್ಪವಾಗುತ್ತದೆ ಎಂಬ ನಿಮ್ಮ ಲೆಕ್ಕವೇ ತಪ್ಪು. ದಪ್ಪ ಬರುವುದು ಕುಣಿಕೆಯ ಎತ್ತರದಿಂದ, ಅಂದರೆ ಕೋಲಿನ ಗಾತ್ರದಿಂದ. ಇನ್ನು ಕುಣಿಕೆಗಳು ಎಷ್ಟು ಒತ್ತಾಗಿವೆ ಎಂಬುದರಿಂದ. ಹತ್ತಿಯಾದರೆ ಮುಕ್ಕಾಲು ಅಂಗುಲ, ತೆಳುವಾದ ಜಾರ್ಜೆಟ್ ಆದರೆ ಹೆಚ್ಚೆಂದರೆ ಒಂದೂಕಾಲು ಅಂಗುಲ. ಅರ್ಧ ಅಂಗುಲ ದಪ್ಪದ ಬಿದಿರು ಕೋಲು ಸಾಕು, ಅದನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಸಿಬಿರು ಇದ್ದರೆ ಎಳೆಯುವಾಗ ಕುಣಿಕೆಯೂ ಜೊತೆಗೆ ಬರುತ್ತದೆ. ಪ್ರತಿ ಸಾಲಿಗೂ ನೆಲಹಾಸಿನ ಅಗಲದ ಮೂರರಿಂದ ನಾಲ್ಕು ಪಟ್ಟು ಉದ್ದದ ಪಟ್ಟಿ ಹೋಗುತ್ತದೆ. ಎರಡು ಅಡಿಗೆ ಮೂರು ಅಡಿಯ ಒಂದು ತುಂಡು ಎರಡೂವರೆ, ಮೂರು ಕಿಲೋ ತೂಗಬಹುದು. ನಿಮ್ಮ ಸೀರೆಯ ಗಂಟು ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ತಳಕ್ಕೆ ಮಾತ್ರ ಹತ್ತಿಯೇ ಬೇಕು, ಈ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಹಳೆಯ ಧೋತರ ಅತ್ಯುತ್ತಮ. ಉದ್ದಕ್ಕೆ ಸೀಳಿದರೆ ಅರ್ಧ ಅಂಗುಲದ ಪಟ್ಟಿ ನೆಟ್ಟಗೆ ಬರುತ್ತದೆ. ಇಲ್ಲವಾದರೆ ಹಾಸಿನ ಕೊನೆಯಲ್ಲಿ ಉಳಿದು ತೂಕಕ್ಕೆ ಹೋಗುವ ಹತ್ತಿ ನೂಲನ್ನು ತಂದು ಎಂಟು, ಹತ್ತು ಎಳೆ ಕೂಡಿಸಿ ಹಾಯಿಸಿ. ಕುಣಿಕೆಯ ಎರಡು ಸಾಲುಗಳ ನಡುವೆ ನಾಲ್ಕು ಹೊಕ್ಕು ಹಾಕಿ. ಸರಿಸಂಖ್ಯೆ ಏಕೆಂದರೆ, ಆಗ ಮುಂದಿನ ಕುಣಿಕೆಯ ಸಾಲು ಎದುರು ಬಾಯಿಗೆ ಬೀಳುತ್ತದೆ, ಕುಣಿಕೆಗಳು ಹಿಂದಿನ ಸಾಲಿನ ಸಂದಿಯಲ್ಲಿ ಏಳುತ್ತವೆ, ನಡುವೆ ಬೋಳು ಗೆರೆ ಕಾಣುವುದಿಲ್ಲ. ಮೂರು ಹಾಕಿದರೆ ಪ್ರತಿ ಸಲವೂ ಅದೇ ಬಾಯಿಗೆ ಬರುತ್ತದೆ. ತಳದ ಹೊಕ್ಕನ್ನು ನೇರವಾಗಿ ಎಳೆಯದೆ ಕಮಾನಿನಂತೆ ಬಿಟ್ಟು ಬಡಿಯಿರಿ, ಇಲ್ಲದಿದ್ದರೆ ಅಗಲ ಕುಗ್ಗಿ ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ಹರಿಯುತ್ತವೆ.

ನವಲಗುಂದದ ಜಮಖಾನೆಯಂತೆ ಬಾಳಿಕೆ ಬರಬೇಕು ಎಂದೂ ಬರೆದಿದ್ದೀರಿ. ಆ ಜಮಖಾನೆಯಲ್ಲಿ ಒಂದು ಕುಣಿಕೆಯೂ ಇಲ್ಲ, ಅದು ಸಪಾಟು ನೇಯ್ಗೆ, ನಿಲುವು ಮಗ್ಗದ್ದು. ಹೊಕ್ಕನ್ನು ಹಾಸುನೂಲು ಕಾಣದಷ್ಟು ಒತ್ತಾಗಿ ಬಡಿದು ಕೂರಿಸುತ್ತಾರೆ, ಗಟ್ಟಿತನ ಬರುವುದು ಅದರಿಂದ. ನಿಮ್ಮ ನೆಲಹಾಸಿನ ತಳವನ್ನು ಅಷ್ಟು ಗಟ್ಟಿ ಮಾಡಿ, ಆಮೇಲೆ ಮೇಲೆ ಕುಣಿಕೆ ಎತ್ತಿ.

ಹಾಸುನೂಲಾಗಿ ಸೀರೆಯ ನೂಲು ಬೇಡವೇ ಬೇಡ. 10ರ ನೂಲಿನ ಆರೆಳೆ ಹುರಿ ಕೇಳಿ ತನ್ನಿ (840 ಗಜದ ಲಡಿ ಒಂದು ಪೌಂಡಿಗೆ ಹತ್ತು ತೂಗಿದರೆ ಅದು 10ರ ನೂಲು, ಅಂಥ ಆರನ್ನು ಹೊಸೆದದ್ದು). ಅಂಗುಲಕ್ಕೆ ಎಂಟೆಳೆ ಸಾಕು. 24 ಅಂಗುಲಕ್ಕೆ 192 ಎಳೆ, ಎರಡೂ ಅಂಚಿಗೆ ಒಂದಿಷ್ಟು ಜೋಡಿ ಎಳೆ. ನಿಮ್ಮ ಅಜ್ಜನ ಹಣಿಗೆಯ ಹಲ್ಲುಗಳಲ್ಲಿ ಈ ಹುರಿ ತೂರುವುದಿಲ್ಲ, ದಪ್ಪ ಹಲ್ಲಿನ ಹಣಿಗೆಯನ್ನು ಬೇರೆಯೇ ಮಾಡಿಸಬೇಕಾಗುತ್ತದೆ. ನೀವು ದುಡ್ಡು ಹಾಕಬೇಕಾದದ್ದು ಈ ಎರಡಕ್ಕೆ.

ಮಗ್ಗಕ್ಕಲ್ಲ. ಮೂರಡಿ ಉದ್ದದ ತುಂಡುಗಳನ್ನು ನೇಯುವವರೆಗೆ ಕುಣಿಮಗ್ಗವೇ ಸಾಕು, ಸಾದಾ ನೇಯ್ಗೆಗೆ ಎರಡು ಮೆಟ್ಟು ಇದ್ದರಾಯಿತು. ಸೀರೆಯ ಹಣಿಗೆಯ ಚೌಕಟ್ಟು ಹಗುರ. ಅದರ ಕೆಳಕಟ್ಟಿಗೆ ಒಂದು ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸಿ, ಬಡಿತಕ್ಕೆ ತೂಕ ಬರುತ್ತದೆ. ಅದಕ್ಕಿಂತ ಉದ್ದ ನೇಯಲು ಹೋದರೆ ತೊಂದರೆ ತೊಡೆಯ ಹತ್ತಿರ ಕಾಣಿಸಿಕೊಳ್ಳುತ್ತದೆ: ಕುಣಿಮಗ್ಗದಲ್ಲಿ ಬಟ್ಟೆ ಸುತ್ತುವ ದಿಂಡು ಮಡಿಲ ಮೇಲೆಯೇ ಇರುತ್ತದೆ, ಕುಣಿಕೆಯ ನೆಲಹಾಸು ಎರಡು ಸುತ್ತು ಸುತ್ತುವುದರೊಳಗೆ ಉಬ್ಬಿ ತೊಡೆಗೆ ಒತ್ತುತ್ತದೆ. ಸುತ್ತು ಏರುಪೇರಾಗಿ ಹಾಸಿನ ಬಿಗಿಯೂ ಹೋಗುತ್ತದೆ. ಉದ್ದದ ಆರ್ಡರ್ ಕೈಗೆ ಬಂದ ದಿನ ಚೌಕಟ್ಟಿನ ಮಗ್ಗ ನೋಡೋಣ. ನನ್ನದನ್ನೇ ಬಂದು ನೋಡಬಹುದು, ಮಾರುವುದಿಲ್ಲ.

ಬುಡಕ್ಕೆ ಅಂಟು ಬಳಿದರೆ ಕುಣಿಕೆ ನಿಲ್ಲುವುದಿಲ್ಲವೇ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಯಂತ್ರದಲ್ಲಿ ಚುಚ್ಚಿ ಮಾಡುವ ಅಗ್ಗದ ಕಾರ್ಪೆಟ್‌ಗಳ ಬೆನ್ನಿಗೆ ಲ್ಯಾಟೆಕ್ಸ್ ಬಳಿಯುವುದು ನಿಜ. ಆದರೆ ಮಗ್ಗದ ಮುಂದೆ ಕೂತು ನೇಯ್ದು ಕೊನೆಗೆ ಅಂಟಿನ ಡಬ್ಬಿ ತೆರೆಯುವುದಾದರೆ ನೇಯುವ ಶ್ರಮವಾದರೂ ಏಕೆ? ನಿಮಗೆ ಪಾಲಿಸ್ಟರ್ ಸೀರೆಗಳನ್ನೇ ಬಳಸುವ ಹಟವಿದ್ದರೆ ಗಂಟಿನ ದಾರಿ ಹಿಡಿಯಿರಿ. ಸ್ವೀಡನ್, ಫಿನ್‌ಲ್ಯಾಂಡ್ ಕಡೆಯ ರ‍್ಯಾ ನೆಲಹಾಸಿನಲ್ಲಿ ಮಾಡುವಂತೆ, ಗೇಣುದ್ದದ ತುಂಡನ್ನು ಎರಡು ಹಾಸುನೂಲಿನ ಮೇಲಿಟ್ಟು, ಎರಡೂ ತುದಿಗಳನ್ನು ಹೊರಗಿನಿಂದ ಸುತ್ತಿ ನಡುವಿನಿಂದ ಮೇಲೆ ತರುವುದು. ಎಳೆದಷ್ಟೂ ಬಿಗಿಯುತ್ತದೆ. ಕುಣಿಕೆಗಿಂತ ಬಹಳ ನಿಧಾನದ ಕೆಲಸ, ಬೆನ್ನು ಬೇಡಿಕೊಳ್ಳುತ್ತದೆ.

ನಿಮ್ಮ ಸೀರೆಯ ಗಂಟಿನಲ್ಲಿ ಹಳೆಯ ಇಳಕಲ್ ಸೀರೆ ಇದ್ದರೆ ದಯವಿಟ್ಟು ತೆಗೆದಿಡಿ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದವರ ಕೆಲಸವನ್ನು ಪಟ್ಟಿ ಪಟ್ಟಿಯಾಗಿ ಸೀಳುವುದನ್ನು ನಾನಂತೂ ಸಹಿಸುವುದಿಲ್ಲ. ಹರಿದಿದ್ದರೆ ಕೌದಿಯವರಿಗೆ ಕೊಡಿ.

ಬಣ್ಣ ಬಿಡುವ ಕೆಂಪು ಅರಿವೆ ಇದ್ದರೆ ನೇಯುವ ಮೊದಲೇ ಬಿಸಿನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಮೊದಲು ಒಂದು ಗೇಣು ನೇಯ್ದು, ಕತ್ತರಿಸಿ ತೆಗೆದು, ಕ್ರೋಶಾ ಕಡ್ಡಿಯಿಂದ ನಡುವಿನ ಒಂದು ಕುಣಿಕೆಯನ್ನು ಜೋರಾಗಿ ಎಳೆದು ನೋಡಿ. ಪಕ್ಕದ್ದು ಅಲುಗಿದರೆ ತಳಕ್ಕೆ ಇನ್ನೂ ಎರಡು ಹೊಕ್ಕು ಸೇರಿಸಿ. ಒಣ ಧೂಳಿನ ಊರು ನಿಮ್ಮದು, ಹೊಸ್ತಿಲಲ್ಲಿ ಹಾಕಬೇಡಿ, ಮಂಚದ ಪಕ್ಕದಲ್ಲಿರಲಿ. ವಾರಕ್ಕೊಮ್ಮೆ ಮಗುಚಿ ಹಾಕಿ ಬೆನ್ನಿಗೆ ಕೋಲಿನಿಂದ ಬಡಿಯಿರಿ. ತೊಳೆಯುವುದಿದ್ದರೆ ಬೇಸಿಗೆಯಲ್ಲೇ ತೊಳೆಯಿರಿ, ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ, ಒಣಹಾಕುವ ಹಗ್ಗವೂ ತಡೆಯುವುದಿಲ್ಲ. ಮಾಳಿಗೆಯ ಮೇಲೆ ಕುಣಿಕೆ ಕೆಳಗಾಗಿ ಹರವಿಬಿಡಿ.